ಬೇರಿನ ಬಣ್ಣ ನೋಡಿ ನೀರು ಹಾಕಿ: ಮನೆಯೊಳಗಿನ ತೂಗುಬುಟ್ಟಿ ಆರ್ಕಿಡ್‌ಗಳಿಗೆ ನೀರು, ಗೊಬ್ಬರ

ಬೆಳಿಗ್ಗೆ ಕಾಫಿಗೆ ಹಾಲು ಇಟ್ಟು ನಾನು ಕಿಟಕಿ ಹತ್ತಿರ ಹೋಗುತ್ತೇನೆ. ಗಿಡದಲ್ಲಿ ಹೂ ಇದ್ದರೂ ಮೊದಲು ನೋಡುವುದು ಬೇರನ್ನೇ. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಹಾಲ್‌ನ ಪೂರ್ವದ ಕಿಟಕಿಗೆ ಅಡ್ಡಲಾಗಿ ಒಂದು ಸ್ಟೀಲ್ ಪೈಪ್ ಹಾಕಿಸಿದ್ದೇವೆ. ಅದರಲ್ಲಿ ಹನ್ನೊಂದು ಬುಟ್ಟಿಗಳು ತೂಗುತ್ತಿವೆ. ಐದು ವಾಂಡಾ, ಮೂರು ಫೆಲನಾಪ್ಸಿಸ್, ಎರಡು ಡೆಂಡ್ರೋಬಿಯಂ, ಮತ್ತೆ ಊರಿಂದ ಬಂದ ಒಂದು ಸೀತಾಳೆ ದಂಡೆ. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದ್ದರೆ ಆ ಗಿಡಕ್ಕೆ ಇವತ್ತು ನೀರು. ಹಸಿರಾಗಿಯೇ ಇದ್ದರೆ ಇವತ್ತು ಬೇಡ.

ಇದನ್ನು ಕಲಿಯಲು ನನಗೆ ಎರಡು ಗಿಡ ಹೋಯಿತು. ಮೊದಲ ವಾಂಡಾ ತಂದಾಗ ಮಾರಿದವರು "ದಿನಾ ಸ್ವಲ್ಪ ನೀರು ಚಿಮುಕಿಸಿ ಮೇಡಂ, ಸಾಕು" ಅಂದಿದ್ದರು. ಹಾಗೇ ಮಾಡಿದೆ. ಎರಡು ತಿಂಗಳಲ್ಲಿ ಕೆಳಗಿನ ಎಲೆಗಳು ಸುಕ್ಕುಗಟ್ಟಿ ಒಂದೊಂದೇ ಉದುರಿದವು. ಎರಡನೆಯದು ಫೆಲನಾಪ್ಸಿಸ್. ಮೊದಲನೆಯದು ಒಣಗಿ ಹೋಯಿತಲ್ಲ ಎಂಬ ಹೆದರಿಕೆಗೆ ಅದಕ್ಕೆ ದಿನಾ ಒಂದು ಲೋಟ ಹಾಕಿದೆ. ಅದು ಕೊಳೆಯಿತು. ಎರಡೂ ಸಲ ತಪ್ಪು ಒಂದೇ. ನಾನು ದಿನ ಲೆಕ್ಕ ಹಾಕುತ್ತಿದ್ದೆ, ಗಿಡವನ್ನು ನೋಡುತ್ತಿರಲಿಲ್ಲ.

ನಮ್ಮ ಊರು ಉತ್ತರ ಕನ್ನಡದ ಸಿದ್ದಾಪುರದ ಕಡೆ. ಅಂಗಳದ ಅಂಚಿನ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಇತ್ತು. ಪ್ರತಿ ವರ್ಷ ಮಳೆಗೆ ಸ್ವಲ್ಪ ಮುಂಚೆ ನರಿಬಾಲದ ಹಾಗೆ ತಿಳಿ ನೇರಳೆ ಹೂಗೊಂಚಲು ಇಳಿಬಿಡುತ್ತಿತ್ತು. ಚಿಕ್ಕವಳಿದ್ದಾಗ ಅದಕ್ಕೆ ಚೊಂಬಿನಲ್ಲಿ ನೀರೆರೆಯಲು ಹೋದರೆ ಆಯಿ ತಡೆಯುತ್ತಿದ್ದರು. "ಅದಕ್ಕೆ ಎಂತಕ್ಕೆ ನೀರು ತಂಗಿ? ಮಳೆ ಬಂದ್ರೆ ಕುಡಿತು, ಗಾಳಿ ಬಂದ್ರೆ ಒಣಗ್ತು." ಬುಟ್ಟಿಯ ಆರ್ಕಿಡ್‌ಗೆ ನೀರು ಹಾಕುವ ರೀತಿ ಪೂರ್ತಿ ಆ ಮಾತಿನಲ್ಲೇ ಇದೆ. ಚೆನ್ನಾಗಿ ನೆನೆಯಬೇಕು. ಆಮೇಲೆ ಬೇಗ ಒಣಗಬೇಕು. ಮರದ ಮೇಲೆ ಇದನ್ನು ಮಳೆ, ಗಾಳಿ ಮಾಡುತ್ತವೆ. ಮನೆಯೊಳಗೆ ನಾವು ಮಾಡಬೇಕು.

ಬೇರು ಹೇಗೆ ಕುಡಿಯುತ್ತದೆ

ಮರದ ಮೇಲೆ ಬೆಳೆಯುವ ಈ ಆರ್ಕಿಡ್‌ಗಳು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಸುಮ್ನೆ ತೊಗಟೆ ಹಿಡಿದುಕೊಂಡಿರುತ್ತವೆ, ಅಷ್ಟೆ. ಅವುಗಳ ಬೇರಿನ ಹೊರಗೆ ಸ್ಪಂಜಿನಂಥ ಒಂದು ಹೊದಿಕೆ ಇದೆ. ಅದಕ್ಕೆ ವೆಲಮೆನ್ ಅನ್ನುತ್ತಾರೆ. ಅದು ಸತ್ತ ಜೀವಕೋಶಗಳ ಪದರ. ಒಣಗಿದಾಗ ಅದರಲ್ಲಿ ಗಾಳಿ ತುಂಬಿರುತ್ತದೆ, ಅದಕ್ಕೇ ಬೆಳ್ಳಗೆ ಕಾಣುತ್ತದೆ. ನೀರು ಬಿದ್ದರೆ ಬೇಗ ತುಂಬಿಕೊಂಡು ಪಾರದರ್ಶಕವಾಗುತ್ತದೆ. ಆಗ ಒಳಗಿನ ಬೇರಿನ ಹಸಿರು ಹೊರಗೆ ಕಾಣುತ್ತದೆ. ಒದ್ದೆಯಾದ ವಾಂಡಾ ಬೇರಿನ ಮೇಲೆ ಅಲ್ಲಲ್ಲಿ ಬಿಳಿ ಗೀರು, ಚುಕ್ಕಿ ಉಳಿದುಕೊಂಡರೆ ರೋಗ ಅಂತ ಗಾಬರಿಯಾಗಬೇಡಿ. ಬೇರು ಗಾಳಿಯಾಡುವ ಜಾಗ ಅವು. ಅಲ್ಲಿ ನೀರು ಹಿಡಿಯುವುದಿಲ್ಲ.

ಆ ಸ್ಪಂಜು ಸದಾ ನೀರಿನಲ್ಲೇ ಇದ್ದರೆ ಒಳಗಿನ ಬೇರಿಗೆ ಗಾಳಿ ಸಿಗುವುದಿಲ್ಲ. ಅಲ್ಲಿಂದ ಕೊಳೆ ಶುರು. ಹಾಗಂತ ಸ್ಪಂಜು ತುಂಬುವ ಮೊದಲೇ ನೀರು ನಿಲ್ಲಿಸಿದರೆ ಗಿಡಕ್ಕೆ ಏನೂ ಸಿಗುವುದಿಲ್ಲ. ನನ್ನ ಮೊದಲ ವಾಂಡಾ ಸತ್ತಿದ್ದು ಹೀಗೆ. ಎರಡು ಸಲ ಸ್ಪ್ರೇ ಮಾಡಿದಾಗ ಬೇರಿನ ಒಂದು ಬದಿ ಹಸಿರಾಗುತ್ತಿತ್ತು, ಫ್ಯಾನ್ ಗಾಳಿಗೆ ಹತ್ತು ನಿಮಿಷದಲ್ಲಿ ಮತ್ತೆ ಬೆಳ್ಳಗಾಗುತ್ತಿತ್ತು.

ಬುಟ್ಟಿಯಲ್ಲಿ ಏನಿದೆ ಅನ್ನುವುದು ಮುಖ್ಯ

ನನ್ನ ವಾಂಡಾಗಳು ಬರೀ ತೇಗದ ಪಟ್ಟಿಯ ಬುಟ್ಟಿಯಲ್ಲಿವೆ, ಒಳಗೆ ಏನೂ ಇಲ್ಲ. ಬೇರುಗಳು ಎರಡೆರಡು ಅಡಿ ಕೆಳಗೆ ಇಳಿಬಿದ್ದಿವೆ. ಸೀತಾಳೆ ದಂಡೆಯ ಬುಟ್ಟಿಯಲ್ಲಿ ನಾಲ್ಕು ಇದ್ದಿಲ ತುಂಡು, ಎರಡು ಹೆಂಚಿನ ಚೂರು. ಡೆಂಡ್ರೋಬಿಯಂಗೆ ಇದ್ದಿಲು ಮತ್ತು ಪೈನ್ ತೊಗಟೆ. ಫೆಲನಾಪ್ಸಿಸ್‌ಗೆ ತೊಗಟೆಯ ಜೊತೆ ಒಂದು ಹಿಡಿ ಸ್ಫ್ಯಾಗ್ನಂ ಪಾಚಿ. ಇದೇ ಕ್ರಮದಲ್ಲಿ ನೀರು ನಿಲ್ಲುವ ಹೊತ್ತೂ ಜಾಸ್ತಿಯಾಗುತ್ತದೆ. ಖಾಲಿ ಬುಟ್ಟಿ ಕೆಲವು ಗಂಟೆಯಲ್ಲಿ ಒಣಗುತ್ತದೆ. ಪಾಚಿ ಇದ್ದರೆ ನಾಲ್ಕೈದು ದಿನ ಬೇಕು. ಹಾಗಾಗಿ ಪಕ್ಕಪಕ್ಕ ತೂಗುವ ಎರಡು ಬುಟ್ಟಿಗೆ ಒಂದೇ ದಿನ ನೀರು ಅಂತ ಇರುವುದಿಲ್ಲ.

ತೆಂಗಿನ ಸಿಪ್ಪೆಯ ತುಂಡು ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ. ಮೂರು ದಿನ ನೆನೆಸಿ, ದಿನಾ ನೀರು ಬದಲಾಯಿಸಿ, ಆಮೇಲೆ ಬಳಸಿ. ಎರಡು ವರ್ಷಕ್ಕೆ ಅದು ಮೆತ್ತಗಾಗಿ ನೀರು ಹಿಡಿಯಲು ಶುರುಮಾಡುತ್ತದೆ. ಆಗ ಬದಲಾಯಿಸಲೇಬೇಕು.

ಬುಟ್ಟಿಯೊಳಗೆ ತೇವ ಇದೆಯಾ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ನಾನು ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ ಇಟ್ಟುಕೊಳ್ಳುತ್ತೇನೆ. ಅದನ್ನು ತೊಗಟೆಯ ಮಧ್ಯಕ್ಕೆ ಚುಚ್ಚಿ ಹತ್ತು ನಿಮಿಷ ಬಿಡುವುದು. ತೆಗೆದಾಗ ಕಡ್ಡಿ ಕಪ್ಪಾಗಿ ತಂಪಾಗಿದ್ದರೆ ನೀರು ಬೇಡ. ಒಣಗಿಯೇ ಇದ್ದರೆ ಮಾರನೇ ದಿನ ನೀರು. ಇನ್ನೊಂದು ದಾರಿ ತೂಕ. ಬಸ್ಸಿಗೆ, ವಿಮಾನಕ್ಕೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಬರುತ್ತದಲ್ಲ, ಅದಕ್ಕೆ ಬುಟ್ಟಿ ನೇತುಹಾಕಿ. ನೆನೆದಾಗ ಎಷ್ಟು, ಒಣಗಿದಾಗ ಎಷ್ಟು ಅಂತ ಒಂದು ಸಲ ಬರೆದಿಡಿ. ನನ್ನ ಒಂದು ಫೆಲನಾಪ್ಸಿಸ್ ಬುಟ್ಟಿ ನೆನೆದಾಗ 720 ಗ್ರಾಂ, ಒಣಗಿದಾಗ 480. ಒಂದು ತಿಂಗಳು ಹೀಗೆ ತೂಗಿದ ಮೇಲೆ ಕೈಗೇ ಅಭ್ಯಾಸವಾಯಿತು. ಈಗ ಎತ್ತಿದ ಕೂಡಲೇ ಗೊತ್ತಾಗುತ್ತದೆ.

ನೀರು ಹಾಕುವ ರೀತಿ

ಬೆಳಿಗ್ಗೆಯೇ ಹಾಕಿ. ಸಂಜೆ ಹಾಕಿದರೆ ರಾತ್ರಿಯಿಡೀ ಎಲೆಯ ಬುಡದಲ್ಲಿ ನೀರು ನಿಲ್ಲುತ್ತದೆ. ಫೆಲನಾಪ್ಸಿಸ್‌ಗಂತೂ ಅದು ವಿಷ. ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ, ಎಳೆದರೆ ಎಲೆ ಕೈಗೇ ಬರುತ್ತದೆ. ಅಡಿಕೆ ತೋಟದವರಿಗೆ ಕೊಳೆರೋಗ ಗೊತ್ತು. ಆ ಕೊಳೆರೋಗ ತರುವ ಫೈಟಾಪ್ತೊರಾ ಕುಲದ ರೋಗಾಣುಗಳೇ ಆರ್ಕಿಡ್‌ನ ಎಲೆ, ಸುಳಿಯನ್ನೂ ಕಪ್ಪಾಗಿ ಕೊಳೆಸುತ್ತವೆ. ಅದಕ್ಕೂ ಒದ್ದೆ ಮತ್ತು ನಿಂತ ಗಾಳಿ ಬೇಕು. ನೀರು ಹಾಕಿದ ಮೇಲೆ ನಾನು ಪ್ರತಿ ಸುಳಿಗೂ ಹತ್ತಿ ಅದ್ದಿ ನೀರು ತೆಗೆಯುತ್ತೇನೆ. ಹನ್ನೊಂದು ಗಿಡಕ್ಕೆ ಐದು ನಿಮಿಷ ಸಾಕು.

ಖಾಲಿ ಬುಟ್ಟಿಯ ವಾಂಡಾಗಳನ್ನು ಸ್ನಾನದ ಮನೆಗೆ ಒಯ್ಯುತ್ತೇನೆ. ಟವೆಲ್ ಹಾಕುವ ಸರಳಿಗೆ ನೇತುಹಾಕಿ, ಕೆಳಗೆ ಟಬ್ ಇಟ್ಟು, ಹ್ಯಾಂಡ್ ಶವರ್‌ನಿಂದ ಬೇರಿಗೆ ನೀರು ಬಿಡುವುದು. ಒಂದು ನಿಮಿಷ ಬಿಟ್ಟು ನಿಲ್ಲಿಸಿ. ಐದು ನಿಮಿಷ ಬಿಟ್ಟು ಮತ್ತೆ ಒಂದು ನಿಮಿಷ. ಹೀಗೆ ಮೂರು ಸುತ್ತು. ಮೊದಲ ಸುತ್ತಿಗೆ ಬೇರು ಅರ್ಧ ಹಸಿರಾಗುತ್ತದೆ, ಮೂರನೆಯದಕ್ಕೆ ತುದಿಯಿಂದ ಬುಡದವರೆಗೆ ಒಂದೇ ಹಸಿರು. ಆ ಬಣ್ಣ ಬರುವವರೆಗೆ ನಿಲ್ಲಿಸಬೇಡಿ.

ತುಂಬ ಒಣಗಿದ ಗಿಡ, ಹೊಸದಾಗಿ ಕೊರಿಯರ್‌ನಲ್ಲಿ ಬಂದ ಗಿಡ ಇದ್ದರೆ ಬಕೆಟ್. ಬೇರು ಪೂರ್ತಿ ಮುಳುಗುವ ಹಾಗೆ 15 ರಿಂದ 20 ನಿಮಿಷ ಇಡಿ. ಎಲೆ, ಸುಳಿ ನೀರಿನ ಮೇಲೆ ಇರಲಿ. ಒಂದು ಗಿಡ ಅದ್ದಿದ ನೀರಿನಲ್ಲಿ ಇನ್ನೊಂದನ್ನು ಅದ್ದಬೇಡಿ. ಒಂದಕ್ಕೆ ಬೇರು ಕೊಳೆ ಇದ್ದರೆ ಅದೇ ನೀರಿನಿಂದ ಎಲ್ಲದಕ್ಕೂ ಹೋಗುತ್ತದೆ. ಉಳಿದ ನೀರು ನೆಲ ಒರೆಸಲು ಆಗುತ್ತದೆ, ಚೆಲ್ಲಬೇಕಿಲ್ಲ.

2024 ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತಲ್ಲ, ಆಗ ನಮಗೆ ಟ್ಯಾಂಕರ್ ನೀರೂ ಎಣಿಸಿ ಸಿಗುತ್ತಿತ್ತು. ಶವರ್ ಬಿಡುವ ಮಾತೇ ಇರಲಿಲ್ಲ. ಎರಡು ಲೀಟರಿನ ಪ್ರೆಷರ್ ಸ್ಪ್ರೇಯರ್ ತಂದೆ. ಗಿಡದ ಕೆಳಗೆ ಟಬ್ ಇಟ್ಟು ಬೇರಿಗೆ ನಿಧಾನಕ್ಕೆ ಸ್ಪ್ರೇ ಮಾಡಿ, ಕೆಳಗೆ ಬಿದ್ದದ್ದನ್ನು ಅದೇ ಗಿಡಕ್ಕೆ ಇನ್ನೊಮ್ಮೆ ಹೊಯ್ಯುತ್ತಿದ್ದೆ. ಒಂದು ವಾಂಡಾಗೆ ಮುಕ್ಕಾಲು ಲೀಟರ್‌ನಲ್ಲಿ ಮುಗಿಯುತ್ತಿತ್ತು. ಐದೂ ಉಳಿದವು. ನೀರು ಕಡಿಮೆ ಇದೆ ಅಂತ ಆರ್ಕಿಡ್ ಬಿಡಬೇಕಾಗಿಲ್ಲ ಅನ್ನುವುದು ಆಗ ಗೊತ್ತಾಯಿತು.

ತೊಗಟೆ ಇರುವ ಬುಟ್ಟಿಗೆ ಮಗ್‌ನಿಂದ ಸುತ್ತಲೂ ನಿಧಾನವಾಗಿ ಹೊಯ್ಯಿರಿ. ಪೂರ್ತಿ ಒಣಗಿದ ತೊಗಟೆ ಮೊದಲ ಸಲ ನೀರನ್ನು ಹಿಡಿಯುವುದೇ ಇಲ್ಲ, ಸರ್ರನೆ ಕೆಳಗೆ ಹೋಗುತ್ತದೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹೊಯ್ದರೆ ಹಿಡಿಯುತ್ತದೆ. ಹನಿ ತೊಟ್ಟಿಕ್ಕುವುದು ನಿಲ್ಲಲು ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಸ್ನಾನದ ಮನೆಯಲ್ಲೇ ಇರಲಿ, ಸೋಫಾ ಉಳಿಯುತ್ತದೆ.

ಎಷ್ಟು ದಿನಕ್ಕೊಮ್ಮೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ನಿಮ್ಮ ಮನೆಯದು ಬೇರೆಯಾಗಬಹುದು. ಬೆಂಗಳೂರಿನಲ್ಲಿ ಫೆಬ್ರವರಿ ಕೊನೆಯಿಂದ ಗಾಳಿ ತೀರಾ ಒಣ. ಆಗ ವಾಂಡಾಗೆ ದಿನಾ ಬೆಳಿಗ್ಗೆ, ಏಪ್ರಿಲ್‌ನ ಕೆಲವು ದಿನ ಮಧ್ಯಾಹ್ನ 12 ಕ್ಕೆ ಇನ್ನೊಂದು ಸಲ ಸ್ಪ್ರೇ. ಮಳೆ ಹಿಡಿದ ಮೇಲೆ ದಿನ ಬಿಟ್ಟು ದಿನ, ಜಡಿಮಳೆಯ ವಾರದಲ್ಲಿ ಮೂರು ದಿನಕ್ಕೊಮ್ಮೆ. ಡಿಸೆಂಬರ್, ಜನವರಿಯಲ್ಲಿ ಎರಡು ದಿನಕ್ಕೊಮ್ಮೆ, ಅದೂ ಬಿಸಿಲು ಕಿಟಕಿಗೆ ಬಂದ ಮೇಲೆ, ನೀರಿನ ಚಳಿ ಬಿಟ್ಟ ಮೇಲೆ. ಫೆಲನಾಪ್ಸಿಸ್‌ಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೆ, ಮಳೆಗಾಲದಲ್ಲಿ ವಾರಕ್ಕೆ. ಡೆಂಡ್ರೋಬಿಯಂ ಉಬ್ಬಿದ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಹೊಸ ಕಾಂಡ ಬೆಳೆಯುವಾಗ ಧಾರಾಳ ಕೊಡಿ, ಬೆಳೆದು ನಿಂತ ಮೇಲೆ ಕಡಿಮೆ ಮಾಡಿ. ನೊಬೈಲ್ ಜಾತಿಯದಕ್ಕೆ ಚಳಿಗಾಲದಲ್ಲಿ ನೀರು ತೀರಾ ಕಡಿಮೆ, ಗೊಬ್ಬರ ಇಲ್ಲವೇ ಇಲ್ಲ. ಆಗ ಮಾತ್ರ ಗೆಣ್ಣಿನಲ್ಲಿ ಮೊಗ್ಗು ಬರುತ್ತದೆ. ನೀರು ಕೊಟ್ಟುಕೊಂಡೇ ಇದ್ದರೆ ಮೊಗ್ಗಿನ ಜಾಗದಲ್ಲಿ ಮರಿ ಗಿಡ ಬರುತ್ತದೆ.

ಒಣಗುವುದಕ್ಕೂ ಲೆಕ್ಕ ಇದೆ. ಖಾಲಿ ಬುಟ್ಟಿಯ ಬೇರು ಮೂರು ನಾಲ್ಕು ಗಂಟೆಯಲ್ಲಿ ಮತ್ತೆ ಬೆಳ್ಳಗಾದರೆ ಸರಿ. ಒಂದೇ ಗಂಟೆಯಲ್ಲಿ ಒಣಗಿದರೆ ಫ್ಯಾನ್ ಜೋರಾಯಿತು ಅಥವಾ ಎಸಿ ಗಾಳಿ ನೇರವಾಗಿ ಬೀಳುತ್ತಿದೆ, ಜಾಗ ಬದಲಿಸಿ. ಸಂಜೆಯವರೆಗೂ ಹಸಿರಾಗಿದ್ದರೆ ಗಾಳಿ ಸಾಲದು. ಕಿಟಕಿ ತೆಗೆಯಿರಿ, ಇಲ್ಲವೇ ಸಣ್ಣ ಟೇಬಲ್ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಇಡಿ.

ನೀರು ಯಾವುದು

ಇಷ್ಟೆಲ್ಲ ಸರಿಯಾಗಿ ಮಾಡಿಯೂ 2021 ರಲ್ಲಿ ನನ್ನ ವಾಂಡಾಗಳ ಬೇರಿನ ತುದಿ ಒಂದಾದ ಮೇಲೊಂದು ಕಪ್ಪಾಗತೊಡಗಿತು. ಗೊಬ್ಬರ ನಿಲ್ಲಿಸಿದೆ, ಜಾಗ ಬದಲಿಸಿದೆ. ಏನೂ ಆಗಲಿಲ್ಲ. ನಾಲ್ಕು ತಿಂಗಳ ಮೇಲೆ ಗೊತ್ತಾಯಿತು, ನಮ್ಮ ಕಟ್ಟಡದಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಹಾಕಿದ್ದರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದು ಸೋಡಿಯಂ ಸೇರಿಸುತ್ತದೆ. ಅದನ್ನು ತೊಳೆಯುವುದೂ ಮೂಟೆಗಟ್ಟಲೆ ಉಪ್ಪಿನಿಂದಲೇ. ಬಟ್ಟೆಗೆ, ಗೀಸರ್‌ಗೆ ಒಳ್ಳೆಯದು. ಆರ್ಕಿಡ್ ಬೇರಿಗೆ ಉಪ್ಪುನೀರು ಕುಡಿಸಿದ ಹಾಗೆ. ನನಗೆ ಬೇಗ ಗೊತ್ತಾಗದಿರಲು ಕಾರಣ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಒಟ್ಟು ಎಷ್ಟು ಉಪ್ಪು ಕರಗಿದೆ ಅಂತ ತೋರಿಸುವ ಮೀಟರ್. ಸಾಫ್ಟ್‌ನರ್ ನೀರಿನಲ್ಲಿ ಉಪ್ಪಿನ ಜಾತಿ ಬದಲಾಗುತ್ತದೆ, ಒಟ್ಟು ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೀಟರ್ ಮೊದಲಿನ ಅಂಕಿಯನ್ನೇ ತೋರಿಸುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ನಮ್ಮ ನಲ್ಲಿ ನೀರಿಗೆ ಸಾಫ್ಟ್‌ನರ್ ಇದೆಯಾ?

ಮಳೆನೀರಿಗಿಂತ ಒಳ್ಳೆಯದು ಇಲ್ಲ. ನನ್ನ ಮೀಟರ್ ಮಳೆನೀರಿಗೆ 15 ತೋರಿಸುತ್ತದೆ, ನಮ್ಮ ಬೋರ್‌ವೆಲ್ ನೀರಿಗೆ 780. ಟೆರೇಸ್ ಮೇಲೆ ಸ್ವಚ್ಛವಾದ ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಟಿದ್ದೇನೆ. ವರ್ಷದ ಮೊದಲ ಎರಡು ಮಳೆ ಬಿಡುತ್ತೇನೆ, ಅದರಲ್ಲಿ ಧೂಳು, ಹೊಗೆ ಜಾಸ್ತಿ. ಆಮೇಲಿನದನ್ನು ಸೊಳ್ಳೆ ಬಾರದ ಹಾಗೆ ಬಟ್ಟೆ ಕಟ್ಟಿ, ಮುಚ್ಚಳ ಹಾಕಿ ಇಡುತ್ತೇನೆ.

ಮಳೆ ಇಲ್ಲದಾಗ ಅಡುಗೆಮನೆಯ ಆರ್‌ಒ ನೀರು. ಅದನ್ನು ಒಂದು ಪಾಲು ಕಾವೇರಿ ನೀರಿನ ಜೊತೆ ಬೆರೆಸಿದರೆ ಇನ್ನೂ ಒಳ್ಳೆಯದು. ಒಟ್ಟು ಟಿಡಿಎಸ್ 150 ರ ಒಳಗೆ ಇರುವ ಹಾಗೆ ನಾನು ನೋಡಿಕೊಳ್ಳುತ್ತೇನೆ. ಆರ್‌ಒ ಯಂತ್ರದ ಇನ್ನೊಂದು ಕೊಳವೆಯಿಂದ ಬರುವ ತ್ಯಾಜ್ಯ ನೀರನ್ನು ಮಾತ್ರ ಹಾಕಬೇಡಿ. ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಪಾತ್ರೆ ತೊಳೆಯಲು ಇಟ್ಟುಕೊಳ್ಳಿ. ಬೋರ್‌ವೆಲ್ ನೀರು ಬಿಟ್ಟರೆ ಗತಿಯಿಲ್ಲ ಅನ್ನುವವರು ಕೊನೆಯ ಸುತ್ತನ್ನಾದರೂ ಒಂದೊಂದು ಲೋಟ ಆರ್‌ಒ ನೀರಿನಿಂದ ಮುಗಿಸಿ. ಬೇರಿನ ಮೇಲೆ ಬಿಳಿ ಉಪ್ಪು ಕೂರುವುದು ತಪ್ಪುತ್ತದೆ.

ಗೊಬ್ಬರ

ಕಾಡಿನಲ್ಲಿ ಇವಕ್ಕೆ ಸಿಗುವ ಊಟ ಬಹಳ ತೆಳು. ತೊಗಟೆಯ ಮೇಲಿನ ಧೂಳು, ಹಕ್ಕಿ ಹಿಕ್ಕೆ, ಕೊಳೆತ ಎಲೆ ಇವುಗಳ ಮೇಲೆ ಹರಿದು ಬಂದ ಮಳೆನೀರು, ಅಷ್ಟೇ. ಅದಕ್ಕೇ ತೆಳುವಾಗಿ ಆಗಾಗ ಕೊಡಬೇಕು. ತಿಂಗಳಿಗೊಮ್ಮೆ ಗಟ್ಟಿಯಾಗಿ ಕೊಟ್ಟರೆ ಬೇರು ಸುಡುತ್ತದೆ.

ಗೊಬ್ಬರದ ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ) ಸಾಕು. ಆರ್ಕಿಡ್‌ದೇ ಅಂತ ದುಬಾರಿ ಬಾಟಲಿ ತರಬೇಕಾಗಿಲ್ಲ. ಅಳತೆ ಒಂದು ಲೀಟರಿಗೆ ಅರ್ಧ ಗ್ರಾಂ. ಮಟ್ಟ ಮಾಡಿದ ಒಂದು ಚಹಾ ಚಮಚ ಸುಮಾರು 5 ಗ್ರಾಂ, ಅಂದರೆ 10 ಲೀಟರ್ ಬಕೆಟಿಗೆ ಒಂದು ಚಮಚ. ಪೊಟ್ಟಣದ ಮೇಲೆ ಲೀಟರಿಗೆ 3 ಗ್ರಾಂ, 5 ಗ್ರಾಂ ಅಂತ ಬರೆದಿರುವುದು ಹೊಲದ ಬೆಳೆಗೆ. ಅದನ್ನು ನಂಬಿ ಬೆರೆಸಬೇಡಿ. ಇನ್ನೊಂದು ಎಚ್ಚರ: ಈ ಗೊಬ್ಬರದ ಸಾರಜನಕದಲ್ಲಿ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದಲ್ಲಿರುತ್ತದೆ. ಯೂರಿಯಾ ಟಿಡಿಎಸ್ ಮೀಟರಿಗೆ ಕಾಣಿಸುವುದಿಲ್ಲ. ಮೀಟರ್ ಕಡಿಮೆ ತೋರಿಸುತ್ತಿದೆ ಅಂತ ಇನ್ನೊಂದು ಚಮಚ ಹಾಕಿದರೆ ಕೆಟ್ಟಿತು. ಗೊಬ್ಬರವನ್ನು ತಕ್ಕಡಿಯಲ್ಲಿ ಅಳೆಯಿರಿ.

ಮಳೆನೀರು, ಆರ್‌ಒ ನೀರು ಬಳಸುವವರಿಗೆ ಕ್ಯಾಲ್ಸಿಯಂ ಸಿಗುವುದಿಲ್ಲ. ಎಳೆ ಎಲೆಯ ತುದಿ ಕಪ್ಪಾಗಿ ಸಾಯುತ್ತದೆ, ಬೇರಿನ ತುದಿ ನಿಲ್ಲುತ್ತದೆ. ಅದಕ್ಕೆ ಕ್ಯಾಲ್ಸಿಯಂ ನೈಟ್ರೇಟ್, ಅದೂ ಲೀಟರಿಗೆ ಅರ್ಧ ಗ್ರಾಂ. ಇದನ್ನು 19:19:19 ರ ಜೊತೆ ಎಂದೂ ಬೆರೆಸಬೇಡಿ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಸುಣ್ಣದಂತೆ ತಳಕ್ಕೆ ಕೂರುತ್ತವೆ, ಗಿಡಕ್ಕೆ ಎರಡೂ ಸಿಗುವುದಿಲ್ಲ. ಎಪ್ಸಮ್ ಉಪ್ಪಿನ (ಮೆಗ್ನೀಸಿಯಂ ಸಲ್ಫೇಟ್) ಜೊತೆಗೂ ಬೇಡ.

ನನ್ನ ವಾರದ ಲೆಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿದೆ. ಭಾನುವಾರ ಗೊಬ್ಬರದ ದಿನ. ಮೊದಲ ಎರಡು ಭಾನುವಾರ 19:19:19. ಮೂರನೆಯದು ಕ್ಯಾಲ್ಸಿಯಂ ನೈಟ್ರೇಟ್. ನಾಲ್ಕನೆಯದು ಬರೀ ನೀರು, ಎಂದಿಗಿಂತ ಎರಡು ಪಟ್ಟು, ಕೂತ ಉಪ್ಪೆಲ್ಲ ತೊಳೆದು ಹೋಗುವ ಹಾಗೆ. ಎಪ್ಸಮ್ ಉಪ್ಪನ್ನು ಎರಡು ತಿಂಗಳಿಗೊಮ್ಮೆ, ಲೀಟರಿಗೆ ಅರ್ಧ ಗ್ರಾಂ, ಒಂದು ಬುಧವಾರ ಬೇರೆಯಾಗಿ ಕೊಡುತ್ತೇನೆ. ಇದು ವಾಂಡಾ ಮತ್ತು ಸೀತಾಳೆ ದಂಡೆಗೆ. ಫೆಲನಾಪ್ಸಿಸ್‌ಗೆ ಇದೇ ಸರದಿಯಲ್ಲಿ, ಆದರೆ ಎರಡು ವಾರಕ್ಕೊಮ್ಮೆ.

ಕೊಡುವ ಕ್ರಮ ಹೀಗೆ. ಮೊದಲು ಬರೀ ನೀರಿನಿಂದ ಬೇರನ್ನು ಹಸಿರು ಮಾಡಿಕೊಳ್ಳಿ. 15 ನಿಮಿಷ ಬಿಟ್ಟು ಗೊಬ್ಬರದ ನೀರನ್ನು ಸ್ಪ್ರೇಯರ್‌ನಿಂದ ಬೇರಿಗೆ, ಎಲೆಯ ಅಡಿಗೆ ತೊಟ್ಟಿಕ್ಕುವವರೆಗೆ ಹೊಡೆಯಿರಿ. ಅವತ್ತು ಮತ್ತೆ ತೊಳೆಯಬೇಡಿ. ಒಣಗಿದ ಬೇರಿಗೆ ನೇರ ಕೊಟ್ಟರೆ ಹೆಚ್ಚು ಹೀರುತ್ತದೆ ಅನ್ನುವವರಿದ್ದಾರೆ. ಅದು ನಿಜ ಕೂಡ. ಕಾಡಿನಲ್ಲಿ ಮೊದಲ ಮಳೆಯ ಕೊಳೆನೀರನ್ನು ಒಣ ಬೇರೇ ಹಿಡಿದುಕೊಳ್ಳುತ್ತದೆ. ಆದರೆ ಹೀರುವುದರ ಜೊತೆ ನಮ್ಮ ಅಳತೆಯ ತಪ್ಪನ್ನೂ ಅದು ಹೀರುತ್ತದೆ. ಲೀಟರಿಗೆ ಕಾಲು ಗ್ರಾಂಗಿಂತ ತೆಳುವಾಗಿದ್ದರೆ ಒಣ ಬೇರಿಗೆ ಕೊಡಿ, ಅದಕ್ಕಿಂತ ಗಟ್ಟಿಯಾಗಿದ್ದರೆ ನೆನೆಸಿಯೇ ಕೊಡಿ. ನಾನು ನೆನೆಸಿಯೇ ಕೊಡುವುದು.

ಗೊಬ್ಬರ ಯಾವಾಗ ಬೇಕು ಅನ್ನುವುದನ್ನೂ ಬೇರೇ ಹೇಳುತ್ತದೆ. ಬೇರಿನ ತುದಿ ಒಂದು ಸೆಂಟಿಮೀಟರ್‌ನಷ್ಟು ಹೊಳೆಯುವ ಹಸಿರು ಅಥವಾ ಕೆಂಪು ಬಣ್ಣಕ್ಕಿದ್ದರೆ ಗಿಡ ಬೆಳೆಯುತ್ತಿದೆ, ಊಟ ಕೊಡಿ. ತುದಿಯವರೆಗೂ ಬಿಳಿ ಮುಚ್ಚಿಕೊಂಡಿದ್ದರೆ ಬೇರು ಮಲಗಿದೆ. ನಮ್ಮಲ್ಲಿ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಹಾಗಾಗುತ್ತದೆ. ಆಗ ತಿಂಗಳಿಗೊಮ್ಮೆ, ಅರ್ಧ ಅಳತೆ. ಬೇರೇ ಇಲ್ಲದ ಗಿಡ, ಕಾಯಿಲೆಯ ಗಿಡ, ನಿನ್ನೆ ತಂದ ಗಿಡ ಇವಕ್ಕೆ ಗೊಬ್ಬರ ಬೇಡ. ಹೊಸ ಬೇರಿನ ತುದಿ ಕಾಣುವವರೆಗೆ ಬರೀ ನೀರು.

ಹೂವಿಗೆ ಅಂತ ರಂಜಕ ಜಾಸ್ತಿ ಇರುವ ಗೊಬ್ಬರ ಮಾರುತ್ತಾರೆ. ನಾನು ಎರಡು ವರ್ಷ ಹಾಕಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಗಿಡಗಳನ್ನು ಪೈಪಿನ ಮಧ್ಯದಿಂದ ಹೆಚ್ಚು ಬೆಳಕಿನ ತುದಿಗೆ ಸರಿಸಿದ ವರ್ಷ ಐದರಲ್ಲಿ ನಾಲ್ಕು ವಾಂಡಾ ಹೂ ಬಿಟ್ಟವು. ಎಲೆ ಕಡು ಹಸಿರಾಗಿ, ಉದ್ದವಾಗಿ ಜೋತುಬಿದ್ದರೆ ಬೆಳಕು ಸಾಲದು ಅಂತ ಅರ್ಥ. ಅಂಥ ಗಿಡಕ್ಕೆ ಗೊಬ್ಬರ ಹೆಚ್ಚು ಮಾಡುವುದು ತಪ್ಪು.

ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ ನೀರು, ಜೀವಾಮೃತ ಕೊಡಬಹುದಾ ಅಂತ ನನ್ನ ತಂಗಿ ಊರಿಂದ ಕೇಳುತ್ತಿರುತ್ತಾಳೆ. ಅವಳ ತೋಟಕ್ಕೆ ಜೀವಾಮೃತ ಹಾಕಿ ಬಾಳೆ, ಕಾಳುಮೆಣಸು ಎಷ್ಟು ಚೆನ್ನಾಗಿದೆ ಅಂತ ನಾನೇ ನೋಡಿದ್ದೇನೆ. ಆದರೆ ಅದು ಕೆಲಸ ಮಾಡುವುದು ಮಣ್ಣಿನ ಜೀವಿಗಳ ಮೂಲಕ. ಬುಟ್ಟಿಯಲ್ಲಿ ಮಣ್ಣೇ ಇಲ್ಲ ಅಲ್ವಾ? ಮನೆಯೊಳಗೆ ಅದು ಬೇರಿನ ಮೇಲೆ ಹುಳಿಯುತ್ತದೆ, ವಾಸನೆ ಬರುತ್ತದೆ, ಸಣ್ಣ ನೊಣ ಏಳುತ್ತದೆ. ಕಡಲಕಳೆ ಸಾರ ಮಾತ್ರ ತಿಂಗಳಿಗೊಮ್ಮೆ ಲೀಟರಿಗೆ 1 ಮಿಲಿ ಕೊಡುತ್ತೇನೆ. ಬೇರು ಒಡೆಯಲು ಅದು ಸಹಾಯ ಮಾಡುತ್ತದೆ.

ಎಲೆ ಸುಕ್ಕಾದಾಗ

ಎಲೆ ಸುಕ್ಕಾದ ಕೂಡಲೇ ನೀರು ಹೆಚ್ಚು ಮಾಡಬೇಡಿ. ನೀರು ಕಡಿಮೆಯಾದರೂ ಸುಕ್ಕಾಗುತ್ತದೆ, ಹೆಚ್ಚಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ. ಬೇರನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ಬಾಯಾರಿಕೆ. ಮೆತ್ತಗೆ, ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಬಂದು ಒಳಗೆ ದಾರ ಮಾತ್ರ ಉಳಿದರೆ ಕೊಳೆ. ಕೊಳೆತದ್ದನ್ನು ಕತ್ತರಿಸಿ, ದಾಲ್ಚಿನ್ನಿ ಪುಡಿ ಗಾಯಕ್ಕೆ ಮಾತ್ರ ಹಚ್ಚಿ, ಎರಡು ದಿನ ಒಣಗಲು ಬಿಡಿ. ಒಳ್ಳೆಯ ಬೇರಿಗೆ ದಾಲ್ಚಿನ್ನಿ ತಾಗಿಸಬೇಡಿ, ಅದನ್ನೂ ಒಣಗಿಸಿಬಿಡುತ್ತದೆ.

ಊರಿಗೆ ಹೋಗುವಾಗ

ದೀಪಾವಳಿಗೆ ನಾವು ಐದು ದಿನ ಸಿದ್ದಾಪುರಕ್ಕೆ ಹೋಗುತ್ತೇವೆ. ಹೊರಡುವ ಬೆಳಿಗ್ಗೆ ಎಲ್ಲಕ್ಕೂ ಬಕೆಟಿನಲ್ಲಿ ನೆನೆಸು. ವಾಂಡಾ ಬೇರಿನ ಮೇಲ್ಭಾಗಕ್ಕೆ ನೆನೆಸಿ ಹಿಂಡಿದ ಸ್ಫ್ಯಾಗ್ನಂ ಪಾಚಿಯನ್ನು ಸಡಿಲವಾಗಿ ಸುತ್ತಿ ದಾರ ಕಟ್ಟುತ್ತೇನೆ. ಬುಟ್ಟಿಗಳನ್ನು ಕಿಟಕಿಯಿಂದ ನಾಲ್ಕು ಅಡಿ ಒಳಗೆ ಒತ್ತೊತ್ತಾಗಿ ನೇತುಹಾಕಿ, ತೆಳು ಪರದೆ ಎಳೆದು ಹೋಗುತ್ತೇವೆ. ಬಂದ ದಿನವೇ ಪಾಚಿ ಬಿಚ್ಚಬೇಕು. ಪಕ್ಕದ ಮನೆಯವರಿಗೆ ಕೀ ಕೊಟ್ಟು ನೀರು ಹಾಕಲು ಹೇಳುವುದಕ್ಕಿಂತ ಇದು ಮೇಲು. ಅಕ್ಕರೆಯಿಂದಲೇ ಅವರು ಜಾಸ್ತಿ ಹಾಕಿಬಿಡುತ್ತಾರೆ.

ಹೂ ಬಂದಾಗ

ನಮ್ಮ ಸೀತಾಳೆ ದಂಡೆ 2018 ರ ಮಳೆಗಾಲದಲ್ಲಿ ಅಂಗಳದ ಹಲಸಿನ ಕೊಂಬೆ ಮುರಿದು ಬಿದ್ದಾಗ ಅದರ ಜೊತೆ ಬಂದದ್ದು. ಕಾಡಿನಿಂದ ಯಾರೂ ಕಿತ್ತು ತರಬೇಡಿ. ಕಿತ್ತಾಗ ಬೇರು ತುಂಡಾಗುತ್ತದೆ, ಹೆಚ್ಚಿನವು ಬದುಕುವುದಿಲ್ಲ. ಕಾಡಿನಲ್ಲೂ ಅವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಅನ್ನುತ್ತಾರೆ. ಅದು ಅವರ ರಾಜ್ಯದ ಹೂ, ಬಿಹು ಕುಣಿಯುವ ಹೆಣ್ಣುಮಕ್ಕಳು ಮುಡಿಗೆ ಮುಡಿಯುತ್ತಾರೆ. ನರ್ಸರಿಗಳಲ್ಲಿ ಬೆಳೆಸಿದ ಸಸಿ ಸಿಗುತ್ತದೆ, ಅದನ್ನೇ ತನ್ನಿ.

ನಮ್ಮ ಮನೆಗೆ ಬಂದ ಮೇಲೆ ಅದು ಮೂರು ವರ್ಷ ಹೂ ಬಿಡಲಿಲ್ಲ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಬೆಳಗಿನ ಬಿಸಿಲು ಎರಡು ಗಂಟೆ ಸಿಗುವ ತುದಿಗೆ ತಂದ ಮೇಲೆ ಮೊದಲ ದಂಡೆ ಇಳಿಯಿತು. ಆಯಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ದಂಡೆ ಇಳಿಬಿದ್ದ ಮೇಲೆ ಬುಟ್ಟಿಯನ್ನು ಸ್ನಾನದ ಮನೆಗೆ ಒಯ್ಯಬೇಡಿ, ಬಾಗಿಲಿಗೆ ತಾಗಿ ಮುರಿಯುತ್ತದೆ. ಇದ್ದಲ್ಲೇ ಕೆಳಗೆ ಅಗಲದ ಟಬ್ ಇಟ್ಟು, ಸ್ಪ್ರೇಯರ್ ಮೂತಿಯನ್ನು ಬೇರಿಗೆ ಹತ್ತಿರ ಹಿಡಿದು ನೀರು ಕೊಡಿ. ಹೂವಿನ ಮೇಲೆ ನೀರು ಬಿದ್ದು ನಿಂತರೆ ಕಂದು ಚುಕ್ಕಿ ಬರುತ್ತದೆ. ಹೂ ಇರುವಷ್ಟು ದಿನ ನೀರು ಎಂದಿನಂತೆ, ಗೊಬ್ಬರ ಅರ್ಧ ಅಳತೆ. ಜೂನ್ ಹೊತ್ತಿಗೆ ಹೂ ಉದುರಿ ದಂಡೆ ಒಣಗುತ್ತದೆ. ಬ್ಲೇಡನ್ನು ಗ್ಯಾಸ್ ಉರಿಯಲ್ಲಿ ಹಿಡಿದು, ಆರಿಸಿ, ದಂಡೆಯನ್ನು ಬುಡದ ಹತ್ತಿರ ಕತ್ತರಿಸಿ. ಅಷ್ಟರಲ್ಲಿ ಹೊರಗೆ ಮಳೆ ಹಿಡಿದಿರುತ್ತದೆ, ಕಾಂಡದಿಂದ ಹೊಸ ಬೇರಿನ ಹಸಿರು ಮೂತಿ ಹೊರಟಿರುತ್ತದೆ. ಮುಂದಿನ ಭಾನುವಾರದಿಂದ ಮತ್ತೆ ಪೂರ್ತಿ ಅಳತೆ ಶುರು ಮಾಡಿ.